ಮೋಟಾರ್ ಸೈಕಲ್ ಬಿಡಿಭಾಗಗಳನ್ನು ವಿದೇಶದ ವಿಳಾಸಕ್ಕೆ ಕಳುಹಿಸುವವರಿಗೆ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಉತ್ಪಾದನೆ ನಿಲ್ಲಿಸಿತು. ಆದರೆ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿವೆ, ಅವುಗಳ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿಯೂ ಮೈಸೂರಿನ ಹಳೆಯ ಮೆಕ್ಯಾನಿಕ್‌ಗಳ ಕಪಾಟುಗಳಲ್ಲಿಯೂ ಇನ್ನೂ ಸಿಗುತ್ತಿವೆ. ಮೈಸೂರಿನ ಕಾರ್ಖಾನೆ ಆರಂಭವಾದದ್ದು ಜೆಕ್ ದೇಶದ ಜಾವಾ 353 ಮಾದರಿಯ ಪರವಾನಗಿಯಿಂದಾದ್ದರಿಂದ, ಇಲ್ಲಿನ ಎಷ್ಟೋ ಭಾಗಗಳು ಅಲ್ಲಿನ ಹಳೆಯ ಬೈಕುಗಳಿಗೂ ಹೊಂದುತ್ತವೆ. ಹೀಗಾಗಿ ಹಳೆಯ ಜಾವಾ ಕಟ್ಟುತ್ತಿರುವ ವಿದೇಶದ ಹವ್ಯಾಸಿಗಳು, ಅವರಲ್ಲಿ ನಮ್ಮ ನೆಂಟರಿಷ್ಟರೂ ಸೇರಿ, ಪಿಸ್ಟನ್, ಕ್ಲಚ್ ಪ್ಲೇಟ್, ಸೈಲೆನ್ಸರ್‌ಗಳಿಗಾಗಿ ಊರಿನವರನ್ನು ಕೇಳುವುದು ಸಹಜವಾಗಿದೆ.

ಅವರು ನೇರವಾಗಿ ಏಕೆ ಕೊಳ್ಳುವುದಿಲ್ಲ ಎಂದು ಮೊದಲಿಗೆ ನನಗೂ ಅನಿಸುತ್ತಿತ್ತು. ನಮ್ಮಲ್ಲಿನ ಬಹುತೇಕ ಬಿಡಿಭಾಗದ ಅಂಗಡಿಗಳ ಆನ್‌ಲೈನ್ ಅರ್ಜಿ ಆರು ಅಂಕಿಯ ಪಿನ್‌ಕೋಡ್ ಮತ್ತು ಹತ್ತು ಅಂಕಿಯ ಮೊಬೈಲ್ ಸಂಖ್ಯೆ ಇಲ್ಲದೆ ಮುಂದಕ್ಕೆ ಹೋಗುವುದಿಲ್ಲ, ವಿದೇಶದ ಕಾರ್ಡ್ ಒಪ್ಪುವುದಿಲ್ಲ, ಒಪ್ಪಿದರೂ ಒಟಿಪಿ ಊರಿನ ಸಿಮ್ಮಿಗೇ ಬರಬೇಕು. ಕೊನೆಗೆ ಕೆಲಸ ಇಲ್ಲಿರುವ ಅಣ್ಣನಿಗೋ ಭಾವನಿಗೋ ಬರುತ್ತದೆ. ಈ ಲೇಖನ ಆ ಅಣ್ಣ, ಭಾವಂದಿರಿಗಾಗಿ. ಉದಾಹರಣೆಗೆ ನಾನು ಯೆಜ್ಡಿಯನ್ನು ತೆಗೆದುಕೊಂಡಿದ್ದರೂ ಬುಲೆಟ್, ಆರ್‌ಎಕ್ಸ್ 100, ಹಳೆಯ ಸ್ಕೂಟರ್‌ಗಳ ಭಾಗಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಆರಂಭದಲ್ಲಿಯೇ ಒಂದು ಮಾತು ಮನಸ್ಸಿನಲ್ಲಿರಲಿ. ನಿಮ್ಮ ಪೆಟ್ಟಿಗೆಯನ್ನು ದಾರಿಯಲ್ಲಿ ತೆರೆಯುವ ಅಧಿಕಾರಿಗೆ ಯೆಜ್ಡಿ ಎಂದರೇನೆಂದು ಗೊತ್ತಿರುವುದಿಲ್ಲ. ಅವರ ಕೈಗೆ ಸಿಗುವುದು ಒಂದು ಕಬ್ಬಿಣದ ತುಂಡು ಮತ್ತು ಅದರ ಜೊತೆಗಿರುವ ಒಂದು ಹಾಳೆ. ಆ ತುಂಡು ಏನು, ಯಾವುದರಿಂದ ಮಾಡಿದ್ದು, ಹೊಸದೋ ಹಳೆಯದೋ, ಬೆಲೆ ಎಷ್ಟು ಎಂಬುದನ್ನು ಆ ಹಾಳೆಯೇ ಹೇಳಬೇಕು. ನಾನು ಕಂಡ ಹೆಚ್ಚಿನ ತೊಂದರೆಗಳು ಹಾಳೆ ಹೇಳಿದ್ದಕ್ಕೂ ಪೆಟ್ಟಿಗೆಯಲ್ಲಿದ್ದದ್ದಕ್ಕೂ ತಾಳೆಯಾಗದೆ ಹುಟ್ಟಿದವು.

ಮೊದಲ ಹೆಜ್ಜೆ: ಭಾಗವನ್ನು ಖಚಿತಪಡಿಸಿಕೊಳ್ಳುವುದು

ತಪ್ಪು ಭಾಗ ಬೆಂಗಳೂರಿನಲ್ಲಿ ಸಿಕ್ಕಿದರೆ ಮರುದಿನ ಬದಲಾಯಿಸಬಹುದು, ಮೆಲ್ಬರ್ನ್‌ನಲ್ಲಿ ಸಿಕ್ಕಿದರೆ ಅದು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಕೇಳಿದವರಿಂದ ಬಾಯಿಮಾತಿನ ಪಟ್ಟಿ ಸ್ವೀಕರಿಸಬೇಡಿ. ಎಂಜಿನ್ ಸಂಖ್ಯೆ, ತಯಾರಾದ ವರ್ಷ, ಬಿಚ್ಚಿದ ಹಳೆಯ ಭಾಗವನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆದ ಚಿತ್ರ, ಇಷ್ಟನ್ನು ತರಿಸಿಕೊಳ್ಳಿ. ಪಿಸ್ಟನ್ ಆದರೆ ಬೋರಿನ, ಅಂದರೆ ಸಿಲಿಂಡರಿನ ಒಳವ್ಯಾಸದ, ಈಗಿನ ಅಳತೆ ಬೇಕು. 250 ಸಿಸಿ ಯೆಜ್ಡಿಯ ಮೂಲ ಬೋರ್ 65 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 75 ಮಿ.ಮೀ.; ಆದರೆ ಹಿಂದೆ ಒಂದೆರಡು ಸಲ ಬೋರ್ ಮಾಡಿಸಿ ಅಗಲಗೊಳಿಸಿದ ಬ್ಲಾಕಿಗೆ ಓವರ್‌ಸೈಜ್ ಪಿಸ್ಟನ್ನೇ ಬೇಕಾಗುತ್ತದೆ. ಅಂಗಡಿಯಲ್ಲಿ ಕೈಗೆ ಬಂದ ಪಿಸ್ಟನ್ನನ್ನು ವರ್ನಿಯರ್‌ನಲ್ಲಿ ಅಳೆದು, ಮೇಲ್ಭಾಗದಲ್ಲಿ ಕೊರೆದ ಸಂಖ್ಯೆಯ ಚಿತ್ರ ತೆಗೆದು ಕಳುಹಿಸಿ, ಅತ್ತಲಿಂದ ಒಪ್ಪಿಗೆ ಬಂದ ಮೇಲೆಯೇ ಹಣ ಕೊಡಿ.

ಬಿಲ್ಲಿನ ವಿಷಯದಲ್ಲಿ ಸಂಕೋಚ ಬೇಡ. ಹಳೆಯ ಭಾಗಗಳ ಅಂಗಡಿಗಳಲ್ಲಿ ಚೀಟಿಯ ಮೇಲೆ ಮೊತ್ತ ಬರೆದುಕೊಡುವ ರೂಢಿಯಿದೆ. ಆ ಚೀಟಿ ಕಸ್ಟಮ್ಸ್ ಮುಂದೆ ನಿಲ್ಲುವುದಿಲ್ಲ. ಪ್ರತಿಯೊಂದು ಭಾಗದ ಹೆಸರು ಮತ್ತು ಬೆಲೆ ಬೇರೆಬೇರೆಯಾಗಿ ಕಾಣುವ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. "ಆಟೋ ಪಾರ್ಟ್ಸ್, ಒಂದು ಲಾಟ್" ಎಂದು ಬರೆದ ಬಿಲ್ಲಿನಿಂದ ಪ್ರಯೋಜನವಿಲ್ಲ. ಗುಜರಿಯಿಂದ ಅಥವಾ ಮೆಕ್ಯಾನಿಕ್‌ನಿಂದ ಕೊಂಡ ಹಳೆಯ ಭಾಗಕ್ಕೆ ಬಿಲ್ ಸಿಗದಿದ್ದರೆ, ಕೊಟ್ಟವರ ಹೆಸರು, ದಿನಾಂಕ, ಮೊತ್ತ ಇರುವ ಸಹಿ ಮಾಡಿದ ರಸೀದಿಯನ್ನಾದರೂ ಬರೆಸಿಕೊಳ್ಳಿ.

ಚಾಸಿಸ್ ಮತ್ತು ಸಂಖ್ಯೆ ಕೊರೆದಿರುವ ಎಂಜಿನ್ ಕೇಸ್ ಇವೆರಡು ಬೇರೆಯೇ ವರ್ಗ. ಅವು ವಾಹನದ ಗುರುತನ್ನು ಹೊತ್ತಿರುವುದರಿಂದ ಆರ್‌ಸಿ ಮತ್ತು ಮಾರಾಟದ ಕಾಗದಗಳಿಲ್ಲದೆ ಕಳುಹಿಸಲು ಹೋಗಬೇಡಿ. ಕಳವಿನ ಮಾಲೆಂಬ ಸಂಶಯಕ್ಕೆ ಸಿಲುಕಿದರೆ ಬಿಡಿಸಿಕೊಳ್ಳುವುದು ಬಹಳ ಕಷ್ಟ. ಹಾಗೆಯೇ ಕಂಪನಿಯ ಲಾಂಛನ ಅಂಟಿಸಿದ ನಕಲಿ ಭಾಗಗಳು. ಲಾಂಛನವಿಲ್ಲದ ಪರ್ಯಾಯ ತಯಾರಿಕೆಯ ಭಾಗವನ್ನು ಹಾಗೆಂದೇ ಬರೆದು ಕಳುಹಿಸಲು ಅಡ್ಡಿಯಿಲ್ಲ, ಆದರೆ ನಕಲಿ ಲಾಂಛನವಿದ್ದರೆ ಟ್ರೇಡ್‌ಮಾರ್ಕ್ ಉಲ್ಲಂಘನೆಯೆಂದು ವಶಪಡಿಸಿಕೊಳ್ಳುವ ಅಧಿಕಾರ ಕಸ್ಟಮ್ಸ್‌ಗಿದೆ.

ಎರಡನೆಯ ಹೆಜ್ಜೆ: ಯಾವುದನ್ನು ಕಳುಹಿಸಬಾರದು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ಏಕೆಂದರೆ ನನ್ನ ಅತಿ ದೊಡ್ಡ ನಷ್ಟ ಇಲ್ಲಿಯೇ ಆಯಿತು. ಮೆಲ್ಬರ್ನ್‌ನಲ್ಲಿರುವ ನನ್ನ ತಮ್ಮ ಹಳೆಯ ಜಾವಾ ಒಂದನ್ನು ಬಿಚ್ಚಿ ಕಟ್ಟುತ್ತಿದ್ದಾಗ ನಾನು ಪಿಸ್ಟನ್, ಕೇಬಲ್‌ಗಳು, ಕಾರ್ಕ್ ಕ್ಲಚ್ ಪ್ಲೇಟ್, ಒಂದು ಜೊತೆ ಬ್ರೇಕ್ ಶೂ ಮತ್ತು ಬೆಂಡ್ ಪೈಪ್ ಸೇರುವಲ್ಲಿಗೆ ಬೇಕಾದ ತಾಮ್ರದ ಹೊದಿಕೆಯ ಗ್ಯಾಸ್ಕೆಟ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕಳುಹಿಸಿದೆ. ಎಲ್ಲವೂ ಹಳೆಯ ಸ್ಟಾಕಿನ, ಬಳಸದ ಭಾಗಗಳು. ಪೆಟ್ಟಿಗೆ ಅಲ್ಲಿನ ಗಡಿಯಲ್ಲಿ ನಿಂತಿತು. ಬ್ರೇಕ್ ಶೂ ಮತ್ತು ಗ್ಯಾಸ್ಕೆಟ್‌ನಲ್ಲಿ ಆಸ್‌ಬೆಸ್ಟಾಸ್, ಅಂದರೆ ಶಾಖ ತಡೆಯುವ ಆದರೆ ಶ್ವಾಸಕೋಶಕ್ಕೆ ಮಾರಕವಾದ ಖನಿಜದ ನಾರು, ಇಲ್ಲವೆಂಬುದಕ್ಕೆ ಪ್ರಯೋಗಾಲಯದ ವರದಿ ಕೇಳಿದರು. ವರದಿಯ ಖರ್ಚು ಪೆಟ್ಟಿಗೆಯೊಳಗಿನ ಎಲ್ಲ ಮಾಲಿನ ಬೆಲೆಯನ್ನು ಮೀರುತ್ತಿತ್ತು. ತಮ್ಮ ಅವುಗಳನ್ನು ನಾಶಪಡಿಸಲು ಒಪ್ಪಿಗೆ ಕೊಟ್ಟ. ಯಾವ ಸಂಶಯವೂ ಇಲ್ಲದ ಪಿಸ್ಟನ್ ಮತ್ತು ಕೇಬಲ್‌ಗಳು ಕೂಡ ಅವುಗಳ ಜೊತೆಯಲ್ಲಿದ್ದ ಕಾರಣಕ್ಕೆ ಎರಡು ತಿಂಗಳಿಗೂ ಹೆಚ್ಚು ಕಾಲ ಸಿಕ್ಕಿಬಿದ್ದವು.

ತಪ್ಪು ನನ್ನದೇ ಆಗಿತ್ತು. ಆಸ್ಟ್ರೇಲಿಯಾ 2003ರ ಡಿಸೆಂಬರ್ 31ರಿಂದ ಆಸ್‌ಬೆಸ್ಟಾಸ್ ಇರುವ ಯಾವುದೇ ವಸ್ತುವಿನ ಆಮದನ್ನು ನಿಷೇಧಿಸಿದೆ, ಪ್ರಮಾಣ ಎಷ್ಟು ಅಲ್ಪವಾಗಿದ್ದರೂ ವಿನಾಯಿತಿಯಿಲ್ಲ. ಬ್ರಿಟನ್ 1999ರಲ್ಲಿ, ಐರೋಪ್ಯ ಒಕ್ಕೂಟ 2005ರಲ್ಲಿ ನಿಷೇಧ ಜಾರಿಗೆ ತಂದವು. ಭಾರತದಲ್ಲಿ ಬಿಳಿ ಆಸ್‌ಬೆಸ್ಟಾಸ್ ಬಳಕೆ ಇನ್ನೂ ಇದೆ, ಹಳೆಯ ಸ್ಟಾಕಿನ ಬ್ರೇಕ್ ಲೈನಿಂಗ್, ಸೈಲೆನ್ಸರ್ ಗ್ಯಾಸ್ಕೆಟ್, ಶಾಖ ತಡೆಯುವ ಹಗ್ಗಗಳಲ್ಲಿ ಅದು ಇರುವ ಸಾಧ್ಯತೆ ಹೆಚ್ಚು. ಅಂಗಡಿಯವರು "ಇಲ್ಲ ಸಾರ್, ಇದರಲ್ಲಿ ಅದೇನೂ ಇಲ್ಲ" ಎಂದು ಹೇಳುವುದು ಪುರಾವೆಯಲ್ಲ. ಆಸ್‌ಬೆಸ್ಟಾಸ್ ರಹಿತವೆಂದು ತಯಾರಕರೇ ಮುದ್ರಿಸಿದ ಪ್ಯಾಕಿಂಗ್ ಇದ್ದರೂ ಆಸ್ಟ್ರೇಲಿಯಾದವರು ಪರೀಕ್ಷೆ ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಬ್ರೇಕ್ ಶೂಗಳನ್ನು ವಿದೇಶಕ್ಕೆ ಕಳುಹಿಸಲೇಬಾರದು. ಹಳೆಯ ಲೋಹದ ಶೂಗೆ ಅವರ ಊರಿನಲ್ಲಿಯೇ ಹೊಸ ಲೈನಿಂಗ್ ಹಾಕಿಸಿಕೊಳ್ಳುವುದು ಆರೋಗ್ಯಕ್ಕೂ ಒಳ್ಳೆಯದು. ಗ್ಯಾಸ್ಕೆಟ್‌ಗಳನ್ನೂ ಅಲ್ಲಿಯೇ ಹಾಳೆಯಿಂದ ಕತ್ತರಿಸಿಕೊಳ್ಳಬಹುದು.

ಆ ಘಟನೆಯ ನಂತರ ನಾನು ಪಾಲಿಸುತ್ತಿರುವ ನಿಯಮ ಒಂದೇ: ಎಳ್ಳಷ್ಟು ಸಂಶಯವಿರುವ ಭಾಗವನ್ನು ಸಂಶಯವಿಲ್ಲದ ಭಾಗದ ಜೊತೆಗೆ ಒಂದೇ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ಎರಡು ಪೆಟ್ಟಿಗೆಗೆ ಖರ್ಚು ಹೆಚ್ಚಾಗುತ್ತದೆ ನಿಜ, ಆದರೆ ಒಂದು ನಿಂತರೂ ಇನ್ನೊಂದು ಮನೆ ಸೇರುತ್ತದೆ.

ವಿಮಾನದಲ್ಲಿ ಹೋಗುವ ಪೆಟ್ಟಿಗೆಗೆ ಇನ್ನೊಂದು ದೊಡ್ಡ ಅಡ್ಡಿ ಪೆಟ್ರೋಲ್. ಒಮ್ಮೆಯಾದರೂ ಪೆಟ್ರೋಲ್ ಕಂಡ ಟ್ಯಾಂಕ್, ಕಾರ್ಬರೇಟರ್, ಪೆಟ್ರೋಲ್ ಕಾಕ್, ಪೂರ್ಣ ಎಂಜಿನ್ ಇವನ್ನು ವಾಯುಸಾರಿಗೆಯ ನಿಯಮಗಳು ಅಪಾಯಕಾರಿ ಸರಕಿನ ದೃಷ್ಟಿಯಿಂದಲೇ ನೋಡುತ್ತವೆ. ಕಾರ್ಬರೇಟರನ್ನು ಪೂರ್ತಿ ಬಿಚ್ಚಿ, ತೊಳೆದು, ಜೆಟ್‌ಗಳಲ್ಲಿ ಗಾಳಿ ಊದಿ, ಕೆಲವು ದಿನ ಬಿಸಿಲಿನಲ್ಲಿ ಒಣಗಿಸಿ, ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ರಾತ್ರಿ ಇಟ್ಟು ಮರುದಿನ ಮೂಸಿ ನೋಡಿ. ವಾಸನೆ ಸ್ವಲ್ಪ ಉಳಿದಿದ್ದರೂ ಅದು ವಿಮಾನಕ್ಕೆ ಯೋಗ್ಯವಲ್ಲ. ಬಳಸಿದ ಟ್ಯಾಂಕನ್ನು ಎಷ್ಟೇ ತೊಳೆದರೂ ಕೊರಿಯರ್‌ನವರು ನಿರಾಕರಿಸಬಹುದು, ಅದಕ್ಕೆ ಸಮುದ್ರ ಮಾರ್ಗವೇ ಸರಿ. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್, ಆಸಿಡ್ ಬ್ಯಾಟರಿ, ಸ್ಪ್ರೇ ಪೇಂಟ್, ಥಿನ್ನರ್ ಇವನ್ನು ಸಾಮಾನ್ಯ ಪಾರ್ಸೆಲ್‌ನಲ್ಲಿ ಕಳುಹಿಸುವ ಯೋಚನೆಯನ್ನೇ ಬಿಡಿ. ಬಲವಾದ ಅಯಸ್ಕಾಂತಗಳಿರುವ ಮ್ಯಾಗ್ನೆಟೋ ಫ್ಲೈವೀಲ್‌ಗೂ ಪ್ರತ್ಯೇಕ ನಿಯಮವಿದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ವಿಮಾನದ ದಿಕ್ಸೂಚಿಯ ಮೇಲೆ ಪರಿಣಾಮ ಬೀರುವಷ್ಟು ಕಾಂತಕ್ಷೇತ್ರ ಹೊರಬರುತ್ತಿದ್ದರೆ ಅದೂ ಅಪಾಯಕಾರಿ ಸರಕೇ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಬಳಸಿದ ಭಾಗ ಕಳುಹಿಸುವವರು ಮಣ್ಣಿನ ಬಗ್ಗೆಯೂ ಎಚ್ಚರವಾಗಿರಬೇಕು. ಮಡ್‌ಗಾರ್ಡಿನ ಒಳಬದಿ, ಹಬ್ಬಿನ ಸಂದುಗಳಲ್ಲಿ ಒಣಗಿದ ಕೆಸರು, ಹುಲ್ಲಿನ ಬೀಜ ಉಳಿದಿದ್ದರೆ ಅವರ ಜೈವಿಕ ಸುರಕ್ಷತಾ ವಿಭಾಗ ಪೆಟ್ಟಿಗೆಯನ್ನು ತಡೆದು, ತೊಳೆಸಿದ ಖರ್ಚನ್ನು ಪಡೆಯುವವರ ಮೇಲೆ ಹಾಕುತ್ತದೆ.

ಮೂರನೆಯ ಹೆಜ್ಜೆ: ತೂಕಕ್ಕಿಂತ ಮೊದಲು ಅಳತೆ

ಕೊರಿಯರ್ ಸಂಸ್ಥೆಗಳು ನಿಜವಾದ ತೂಕ ಮತ್ತು ಗಾತ್ರದಿಂದ ಲೆಕ್ಕ ಹಾಕಿದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ವಿಧಿಸುತ್ತವೆ. ಸೆಂಟಿಮೀಟರ್‌ಗಳಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಸಿಗುತ್ತದೆ. 60, 40, 35 ಸೆಂ.ಮೀ. ಅಳತೆಯ ಪೆಟ್ಟಿಗೆಯಲ್ಲಿ ಹೊಸ ಟ್ಯಾಂಕ್ ಇಟ್ಟರೆ ಅದರ ಲೆಕ್ಕದ ತೂಕ 16.8 ಕೆ.ಜಿ. ಆಗುತ್ತದೆ, ಖಾಲಿ ಟ್ಯಾಂಕಿನ ನಿಜ ತೂಕ ಅದರ ಅರ್ಧವೂ ಇರುವುದಿಲ್ಲ. ಕ್ರ್ಯಾಂಕ್‌ಶಾಫ್ಟ್‌ನ ಕಥೆ ಇದಕ್ಕೆ ತದ್ವಿರುದ್ಧ: 25, 20, 20 ಸೆಂ.ಮೀ. ಪೆಟ್ಟಿಗೆಯ ಲೆಕ್ಕದ ತೂಕ ಕೇವಲ 2 ಕೆ.ಜಿ., ಅಲ್ಲಿ ತಕ್ಕಡಿಯ ತೂಕವೇ ದರವನ್ನು ನಿರ್ಧರಿಸುತ್ತದೆ.

ಯೆಜ್ಡಿಗೆ ಒಂದೇ ಸಿಲಿಂಡರ್ ಇದ್ದರೂ ಸೈಲೆನ್ಸರ್ ಎರಡು. ಒಂದೊಂದನ್ನೂ 110, 20, 20 ಸೆಂ.ಮೀ. ಪೆಟ್ಟಿಗೆಯಲ್ಲಿ ಕಳುಹಿಸಿದರೆ ಒಟ್ಟು 17.6 ಕೆ.ಜಿ.ಯ ಲೆಕ್ಕ, ಎರಡನ್ನೂ ಒಂದಕ್ಕೊಂದು ತಿರುವುಮುರುವಾಗಿ ಜೋಡಿಸಿ 110, 35, 20 ಸೆಂ.ಮೀ. ಪೆಟ್ಟಿಗೆಯಲ್ಲಿಟ್ಟರೆ 15.4 ಕೆ.ಜಿ. ಕೆಲವು ಸೆಂಟಿಮೀಟರ್ ಉಳಿತಾಯವೂ ಹಣವೇ, ಆದ್ದರಿಂದ ಸಿಕ್ಕಿದ ಪೆಟ್ಟಿಗೆಗೆ ಭಾಗವನ್ನು ತುಂಬುವುದಕ್ಕಿಂತ ಭಾಗದ ಅಳತೆಗೆ ಪೆಟ್ಟಿಗೆ ಮಾಡಿಸುವುದು ಲಾಭಕರ. ಬೆಂಗಳೂರಿನಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವವರು ಒಂದೇ ಪೆಟ್ಟಿಗೆಯನ್ನೂ ಅಳತೆ ಕೊಟ್ಟರೆ ಮಾಡಿಕೊಡುವುದುಂಟು.

ಅಂಚೆಯಲ್ಲಿ ಕಳುಹಿಸುವುದಾದರೆ ಗಾತ್ರದ ಮಿತಿಯನ್ನು ಮೊದಲು ನೋಡಬೇಕು. ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್, ಅಂದರೆ ಇಎಂಎಸ್‌ನಲ್ಲಿ ಸಾಮಾನ್ಯವಾಗಿ ಯಾವುದೇ ಬದಿ 1.5 ಮೀಟರ್ ಮೀರಬಾರದು, ಉದ್ದ ಮತ್ತು ಸುತ್ತಳತೆ ಸೇರಿ 3 ಮೀಟರ್ ಮೀರಬಾರದು. ಆದರೆ ಕೆಲವು ದೇಶಗಳು ಪಾರ್ಸೆಲ್‌ಗಳಿಗೆ 1.05 ಮೀಟರ್ ಮತ್ತು 2 ಮೀಟರ್‌ಗಳ ಚಿಕ್ಕ ಮಿತಿಯನ್ನೇ ಇಟ್ಟುಕೊಂಡಿವೆ. ಮೇಲೆ ಹೇಳಿದ ಸೈಲೆನ್ಸರ್ ಪೆಟ್ಟಿಗೆ ಅಲ್ಲಿಗೆ ಹೋಗುವುದಿಲ್ಲ. ತೂಕದ ಮಿತಿಯೂ ದೇಶದಿಂದ ದೇಶಕ್ಕೆ ಬೇರೆ. ಪೆಟ್ಟಿಗೆ ಕಟ್ಟುವ ಮೊದಲು ಆ ದೇಶದ ಮಿತಿಯನ್ನು ಕೌಂಟರ್‌ನಲ್ಲಿ ಕೇಳಿ ಬರೆದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಕಟ್ಟುವುದು

ಭಾರವಾದ ಲೋಹದ ಭಾಗ ತನ್ನ ಪೆಟ್ಟಿಗೆಯನ್ನು ತಾನೇ ಒಡೆಯುತ್ತದೆ. ಹೊರಗಿನಿಂದ ಬೀಳುವ ಪೆಟ್ಟಿಗಿಂತ ಒಳಗೆ ಭಾಗ ಅಲುಗಾಡುವುದರಿಂದಲೇ ಹೆಚ್ಚಿನ ಹಾನಿ. ಆದ್ದರಿಂದ ಕ್ರ್ಯಾಂಕ್, ಗೇರ್, ಸಿಲಿಂಡರ್ ಬ್ಲಾಕ್‌ಗಳನ್ನು ಮೊದಲು ಬಿಗಿಯಾದ ಚಿಕ್ಕ ಪೆಟ್ಟಿಗೆಯಲ್ಲಿ ಕದಲದಂತೆ ಕೂರಿಸಿ, ಅದನ್ನು ಏಳು ಪದರದ ರಟ್ಟಿನ ದೊಡ್ಡ ಪೆಟ್ಟಿಗೆಯೊಳಗಿಟ್ಟು, ನಡುವಿನ ಜಾಗವನ್ನು ಗಟ್ಟಿ ಫೋಮ್‌ನಿಂದ ತುಂಬಿ. ಮುದ್ದೆ ಮಾಡಿದ ದಿನಪತ್ರಿಕೆ ಒಂದು ವಾರದಲ್ಲಿ ಕುಗ್ಗಿ ಜಾಗ ಬಿಡುತ್ತದೆ.

ತುಕ್ಕಿನ ಭಯದಿಂದ ಧಾರಾಳವಾಗಿ ಎಣ್ಣೆ ಹಚ್ಚುವುದು ನಾವು ಮಾಡುವ ಇನ್ನೊಂದು ತಪ್ಪು. ರಟ್ಟಿನ ಮೇಲೆ ಎಣ್ಣೆಯ ಕಲೆ ಮೂಡಿತೆಂದರೆ ವಿಮಾನ ನಿಲ್ದಾಣದಲ್ಲಿ ಅದು ಸೋರುತ್ತಿರುವ ಅಪಾಯಕಾರಿ ಸರಕಾಗಿ ಕಾಣುತ್ತದೆ. ಗ್ರೀಸನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿ ಒರೆಸಿ, ತುಕ್ಕು ತಡೆಯುವ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿದರೆ ಸಾಕು. ಸ್ಪೋಕ್‌ಗಳನ್ನು ಕಟ್ಟು ಮಾಡಿ ಎರಡೂ ತುದಿ ಮುಚ್ಚಿದ ಪಿವಿಸಿ ಪೈಪಿನಲ್ಲಿ ಹಾಕಿ. ಪಿಸ್ಟನ್ ರಿಂಗ್‌ಗಳನ್ನು ಪಿಸ್ಟನ್ನಿಗೆ ಹಾಕದೆ, ಎರಡು ಗಟ್ಟಿ ರಟ್ಟುಗಳ ನಡುವೆ ಚಪ್ಪಟೆಯಾಗಿ ಇಡಿ.

ಮರದ ಪೆಟ್ಟಿಗೆ ಬೇಕೆನಿಸಿದರೆ ನೆನಪಿರಲಿ: ಕಚ್ಚಾ ಮರದಿಂದ ಮಾಡಿದ ಪೆಟ್ಟಿಗೆಗೆ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಉಪಚಾರ ಮಾಡಿಸಿ ಮುದ್ರೆ ಹಾಕಿಸಿರಬೇಕು. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಬೇಕೆಂಬುದು ಆ ನಿಯಮದ ಒಂದು ವಿಧಾನ. ಹತ್ತಿರದ ಬಡಗಿ ಪ್ರೀತಿಯಿಂದ ಮಾಡಿಕೊಟ್ಟ ಪೆಟ್ಟಿಗೆಗೆ ಆ ಮುದ್ರೆ ಇರುವುದಿಲ್ಲ. ಪ್ಲೈವುಡ್‌ಗೆ ಈ ನಿಯಮ ಅನ್ವಯಿಸುವುದಿಲ್ಲವಾದ್ದರಿಂದ ನಾನು ಅದನ್ನೇ ಬಳಸುತ್ತೇನೆ, ಅಡ್ಡಪಟ್ಟಿಗಳೂ ಪ್ಲೈವುಡ್ಡೇ ಆಗಿರುವಂತೆ ನೋಡಿಕೊಳ್ಳುತ್ತೇನೆ.

ದಪ್ಪ ಲೋಹ ಎಕ್ಸ್‌ರೇಯಲ್ಲಿ ಬರೀ ಕಪ್ಪು ಗಡ್ಡೆಯಾಗಿ ಕಾಣುವುದರಿಂದ ನಿಮ್ಮ ಪೆಟ್ಟಿಗೆಯನ್ನು ತೆರೆಯುತ್ತಾರೆ ಎಂದೇ ಭಾವಿಸಿ ಕಟ್ಟಿ. ಪ್ರತಿಯೊಂದು ಚೀಲದ ಮೇಲೆ ಭಾಗದ ಹೆಸರಿನ ಚೀಟಿ ಅಂಟಿಸಿ, ಎಲ್ಲಕ್ಕೂ ಮೇಲೆ ಪಟ್ಟಿಯ ಒಂದು ಪ್ರತಿಯನ್ನೂ ಎಲ್ಲ ಭಾಗಗಳನ್ನು ಹರಡಿ ತೆಗೆದ ಒಂದು ಚಿತ್ರವನ್ನೂ ಇಡಿ. ತೆರೆದವರು ಪಟ್ಟಿಯೊಂದಿಗೆ ಹೋಲಿಸಿ, ಇದ್ದಂತೆಯೇ ಮುಚ್ಚಲು ಅದರಿಂದ ಸಾಧ್ಯವಾಗುತ್ತದೆ.

ಐದನೆಯ ಹೆಜ್ಜೆ: ಘೋಷಣೆಯ ನಮೂನೆ

ಅಂಚೆಯಲ್ಲಿ ಕಡಿಮೆ ಬೆಲೆಯ ಸಣ್ಣ ಪೊಟ್ಟಣಕ್ಕೆ ಸಿಎನ್ 22, ಉಳಿದವಕ್ಕೆ ಸಿಎನ್ 23 ಎಂಬ ನಮೂನೆಗಳಿವೆ. ಕೊರಿಯರ್‌ನಲ್ಲಿ ಇನ್‌ವಾಯ್ಸ್ ಮತ್ತು ಗುರುತಿನ ದಾಖಲೆ ಕೇಳುತ್ತಾರೆ. "ಸ್ಪೇರ್ ಪಾರ್ಟ್ಸ್" ಎಂದಷ್ಟೇ ಬರೆಯುವುದು ಪೆಟ್ಟಿಗೆಯನ್ನು ನಿಲ್ಲಿಸಲು ಸುಲಭವಾದ ದಾರಿ. ಏನು, ಯಾವ ಲೋಹ, ಹೊಸದೋ ಬಳಸಿದ್ದೋ, ಯಾವುದಕ್ಕೆ, ಎಷ್ಟು ಎಂಬ ಐದು ಉತ್ತರ ಒಂದೇ ಸಾಲಿನಲ್ಲಿರಲಿ: "ಅಲ್ಯೂಮಿನಿಯಂ ಪಿಸ್ಟನ್, ಹೊಸದು, 250 ಸಿಸಿ ಮೋಟಾರ್ ಸೈಕಲ್ ಎಂಜಿನ್‌ಗೆ, 2" ಎಂಬುದರ ಇಂಗ್ಲಿಷ್ ರೂಪ ಸಾಕು.

ಅದರ ಪಕ್ಕದಲ್ಲಿ ಎಚ್‌ಎಸ್ ಸಂಕೇತ, ಅಂದರೆ ಸರಕುಗಳನ್ನು ವರ್ಗೀಕರಿಸಲು ಎಲ್ಲ ದೇಶಗಳ ಕಸ್ಟಮ್ಸ್ ಬಳಸುವ ಸಂಖ್ಯೆ, ಬರೆಯಬೇಕು. ಎಲ್ಲಕ್ಕೂ ಒಂದೇ ಸಂಕೇತ ಹಾಕುವುದು ವಾಡಿಕೆಯಾದರೂ ಅದು ಸರಿಯಲ್ಲ. ಮಡ್‌ಗಾರ್ಡ್, ಬ್ರೇಕ್ ಹಬ್‌ನಂಥ ಮೋಟಾರ್ ಸೈಕಲ್ ಭಾಗಗಳಿಗೆ 8714.10, ಪಿಸ್ಟನ್, ರಿಂಗ್, ಕಾರ್ಬರೇಟರ್ ಎಂಜಿನ್ ಭಾಗಗಳಾದ್ದರಿಂದ 8409.91, ಕ್ರ್ಯಾಂಕ್‌ಶಾಫ್ಟ್ 8483.10, ಬೇರಿಂಗ್ 8482, ಸ್ಪಾರ್ಕ್ ಪ್ಲಗ್ 8511.10, ಹೆಡ್‌ಲೈಟ್ 8512, ಡ್ರೈವ್ ಚೈನ್ 7315.11, ಟೈರ್ 4011.40. ಸುಂಕದ ದರ ಇದನ್ನೇ ಅವಲಂಬಿಸಿರುವುದರಿಂದ ಸರಿಯಾದ ಸಂಕೇತದಿಂದ ಪಡೆಯುವವರಿಗೆ ಹಣವೂ ಉಳಿಯಬಹುದು.

ಬೆಲೆಯನ್ನು ಕಡಿಮೆ ಬರೆಯಿರಿ ಎಂದು ಪಡೆಯುವವರೇ ಒತ್ತಾಯಿಸುತ್ತಾರೆ, ನನ್ನ ತಮ್ಮನೂ ಒಮ್ಮೆ ಕೇಳಿದ್ದ. ಅದು ಕಾನೂನಿನ ಉಲ್ಲಂಘನೆ ಎಂಬುದು ಮೊದಲ ಮಾತು. ಪೆಟ್ಟಿಗೆ ಕಳೆದುಹೋದರೆ ಬರೆದ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಪರಿಹಾರ ಸಿಗುವುದಿಲ್ಲ ಎಂಬುದು ಎರಡನೆಯದು. "ಉಡುಗೊರೆ" ಎಂಬ ಚೌಕಕ್ಕೆ ಗುರುತು ಹಾಕುವುದಕ್ಕೂ ಇದೇ ಮಾತು ಸಲ್ಲುತ್ತದೆ: ಅವರು ನಿಮ್ಮ ಖಾತೆಗೆ ಹಣ ಹಾಕಿದ್ದರೆ ಅದು ಉಡುಗೊರೆಯಲ್ಲ. ನಿಜವಾದ ಉಡುಗೊರೆಗೆ ಬ್ರಿಟನ್‌ನಲ್ಲಿ 39 ಪೌಂಡ್, ಐರೋಪ್ಯ ಒಕ್ಕೂಟದಲ್ಲಿ 45 ಯೂರೋವರೆಗೆ ವಿನಾಯಿತಿಯಿದೆ.

ಒಂದೆರಡು ಸಲ ನೆಂಟರಿಗೆ ಕಳುಹಿಸುವವರಿಗೆ ಇಷ್ಟು ಸಾಕು. ಮಾರಾಟವೇ ಉದ್ದೇಶವಾಗಿ ಮೇಲಿಂದ ಮೇಲೆ ಕಳುಹಿಸುವವರು ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ (ಡಿಜಿಎಫ್‌ಟಿ) ಆಮದು ರಫ್ತು ಸಂಕೇತ, ಅಂದರೆ ಐಇಸಿ ಪಡೆಯಬೇಕು. ಆನ್‌ಲೈನ್ ಅರ್ಜಿಯ ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ನೊಳಗೆ ವಿವರಗಳನ್ನು ದೃಢೀಕರಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಅಂಚೆ ರಫ್ತು ಬಿಲ್ಲನ್ನು ಆನ್‌ಲೈನ್‌ನಲ್ಲಿಯೇ ಸಲ್ಲಿಸುವ ವ್ಯವಸ್ಥೆಯಿದೆ, ಸಣ್ಣ ವ್ಯಾಪಾರಿಗಳಿಗೆ ಅದು ಉಪಯುಕ್ತ.

ಆರನೆಯ ಹೆಜ್ಜೆ: ಅತ್ತಲಿನ ಸುಂಕವನ್ನು ಮೊದಲೇ ಮಾತಾಡಿಕೊಳ್ಳುವುದು

ಮನಸ್ತಾಪಗಳು ಹುಟ್ಟುವುದು ಇಲ್ಲಿ. ಕಳುಹಿಸಿದವರು ಎಲ್ಲ ಖರ್ಚೂ ಮುಗಿಯಿತೆಂದು ತಿಳಿದಿರುತ್ತಾರೆ, ಪಡೆಯುವವರ ಬಾಗಿಲಿಗೆ ಹೊಸ ಬಿಲ್ ಬರುತ್ತದೆ. ತೆರಿಗೆಯ ಜೊತೆಗೆ ಅದನ್ನು ಮುಂಗಡವಾಗಿ ಕಟ್ಟಿದ್ದಕ್ಕೆ ಕೊರಿಯರ್‌ನ ಸೇವಾ ಶುಲ್ಕವೂ ಅದರಲ್ಲಿ ಸೇರಿರುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2021ರ ಜುಲೈ 1ರಿಂದ ಖರೀದಿಸಿದ ಮಾಲಿಗೆ ಬೆಲೆ ಎಷ್ಟೇ ಕಡಿಮೆಯಿದ್ದರೂ ವ್ಯಾಟ್ ಇದೆ, ಜೆಕ್ ದೇಶದಲ್ಲಿ ಅದರ ದರ ಶೇ. 21. ಬ್ರಿಟನ್‌ನಲ್ಲಿ ಶೇ. 20. ಆಸ್ಟ್ರೇಲಿಯಾದಲ್ಲಿ ಅಲ್ಲಿನ 1000 ಡಾಲರ್ ದಾಟಿದ ಮಾಲಿಗೆ ಗಡಿಯಲ್ಲಿಯೇ ಸುಂಕ ಮತ್ತು ಶೇ. 10 ಜಿಎಸ್‌ಟಿ ವಿಧಿಸುತ್ತಾರೆ.

ಅಮೆರಿಕದ ಪರಿಸ್ಥಿತಿ ಪೂರ್ತಿ ಬದಲಾಗಿದೆ. 800 ಡಾಲರ್‌ವರೆಗಿನ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಕೊನೆಗೊಂಡಿತು. ಆ ಗೊಂದಲದಲ್ಲಿ ಭಾರತೀಯ ಅಂಚೆ ಅಮೆರಿಕಕ್ಕೆ ಪಾರ್ಸೆಲ್ ಸ್ವೀಕರಿಸುವುದನ್ನು ನಿಲ್ಲಿಸಿ ಅಕ್ಟೋಬರ್ 15ರಿಂದ ಮತ್ತೆ ಆರಂಭಿಸಿತು, ಸುಂಕವನ್ನು ಬುಕ್ ಮಾಡುವಾಗ ಇಲ್ಲಿಯೇ ಕಟ್ಟಿಸಿಕೊಳ್ಳುವ ಕ್ರಮ ಬಂದಿತು. ಹಳೆಯ ಅನುಭವದ ಮೇಲೆ ಅಂದಾಜು ಹೇಳಬೇಡಿ. ಆ ದಿನದ ದರವನ್ನು ಕೇಳಿ, ಒಟ್ಟು ಮೊತ್ತವನ್ನು ಪಡೆಯುವವರಿಗೆ ತಿಳಿಸಿ, ಯಾರು ಯಾವುದನ್ನು ಕಟ್ಟುವುದೆಂದು ಬರಹದಲ್ಲಿಯೇ ಒಪ್ಪಿಕೊಳ್ಳಿ.

ವಿಳಾಸವನ್ನು ಕೇಳಿ ಬರೆದುಕೊಳ್ಳದೆ, ಅವರೇ ಟೈಪ್ ಮಾಡಿ ಕಳುಹಿಸಿದ್ದನ್ನು ಹಾಗೆಯೇ ಮುದ್ರಿಸಿ ಅಂಟಿಸುವುದು ಕ್ಷೇಮ. ಮನೆಯ ಸಂಖ್ಯೆಯ ಜೊತೆ ಫ್ಲ್ಯಾಟ್ ಸಂಖ್ಯೆ, ದೇಶದ ಸಂಕೇತವಿರುವ ದೂರವಾಣಿ ಸಂಖ್ಯೆ, ಇಮೇಲ್ ಇವೆಲ್ಲ ಇರಲೇಬೇಕು, ಏಕೆಂದರೆ ಸುಂಕ ಕಟ್ಟಿ ಎಂಬ ಸಂದೇಶ ಅಲ್ಲಿಗೇ ಬರುತ್ತದೆ. ಆ ಸಂದೇಶವನ್ನು ವಂಚಕರದೆಂದು ತಿಳಿದು ಅಳಿಸಿದ ಕಾರಣಕ್ಕೆ ನನ್ನ ಪರಿಚಿತರೊಬ್ಬರ ಪೆಟ್ಟಿಗೆ ಅವಧಿ ಮುಗಿದು ಬೆಂಗಳೂರಿಗೆ ಮರಳಿತು. ಹಾಗೆಂದು ಬಂದ ಕೊಂಡಿಯನ್ನೆಲ್ಲ ಒತ್ತುವಂತಿಲ್ಲ; ಟ್ರ್ಯಾಕಿಂಗ್ ಸಂಖ್ಯೆಯನ್ನು ಸಂಸ್ಥೆಯ ಅಧಿಕೃತ ತಾಣದಲ್ಲಿ ತಾವೇ ಹಾಕಿ ನೋಡಿ ಅಲ್ಲಿಂದಲೇ ಹಣ ಕಟ್ಟಬೇಕು. ಅಂಚೆ ಪೆಟ್ಟಿಗೆ ಸಂಖ್ಯೆಯ ವಿಳಾಸಕ್ಕೆ ಕೊರಿಯರ್‌ಗಳು ಸಾಮಾನ್ಯವಾಗಿ ತಲುಪಿಸುವುದಿಲ್ಲ ಎಂಬುದೂ ತಿಳಿದಿರಲಿ.

ಏಳನೆಯ ಹೆಜ್ಜೆ: ಕಳುಹಿಸಿದ ನಂತರ

ಅಂಚೆಯ ಟ್ರ್ಯಾಕಿಂಗ್ ಸಂಖ್ಯೆಯಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಭಾರತವನ್ನು ಸೂಚಿಸುವ ಐ ಮತ್ತು ಎನ್ ಅಕ್ಷರಗಳಿರುತ್ತವೆ. ಪೆಟ್ಟಿಗೆ ನಮ್ಮ ದೇಶ ಬಿಟ್ಟ ಮೇಲೆ ಇಲ್ಲಿನ ತಾಣದಲ್ಲಿ ದಿನಗಟ್ಟಲೆ ಏನೂ ಕಾಣದಿದ್ದರೆ ಗಾಬರಿ ಬೇಡ, ಅದೇ ಸಂಖ್ಯೆಯನ್ನು ತಲುಪಬೇಕಾದ ದೇಶದ ಅಂಚೆ ತಾಣದಲ್ಲಿ ಹಾಕಿದರೆ ಮುಂದಿನ ಹಾದಿ ಬಹುತೇಕ ಕಾಣಿಸುತ್ತದೆ. ಕಸ್ಟಮ್ಸ್‌ನಲ್ಲಿ ನಿಂತಿದೆ ಎಂದಿದ್ದರೆ ಅಲ್ಲಿಂದ ಪ್ರಶ್ನೆ ಬಂದಿದೆಯೇ ಎಂದು ಪಡೆಯುವವರು ವಿಚಾರಿಸಬೇಕು. ಕಳೆದುಹೋಗಿದೆ ಎನಿಸಿದರೆ ದೂರು ಸಲ್ಲಿಸಬೇಕಾದವರು ಸಾಮಾನ್ಯವಾಗಿ ಕಳುಹಿಸಿದವರು. ದೂರಿಗೆ ಕಾಲಮಿತಿ ಇರುವುದರಿಂದ, "ಇನ್ನೊಂದು ತಿಂಗಳು ನೋಡೋಣ" ಎನ್ನುತ್ತಾ ಕೂರಬೇಡಿ.

ತಲುಪಿಸಲಾಗದಿದ್ದರೆ ಏನು ಮಾಡಬೇಕೆಂದು ಪಾರ್ಸೆಲ್ ನಮೂನೆಯಲ್ಲಿಯೇ ಕೇಳಿರುತ್ತಾರೆ: ಹಿಂದಿರುಗಿಸುವುದೋ, ತ್ಯಜಿಸುವುದೋ. ಮತ್ತೆ ಸಿಗದ ಭಾಗವಾದರೆ ಹಿಂದಿರುಗಿಸಿ ಎಂದೇ ಗುರುತು ಹಾಕಿ, ಆದರೆ ಆ ಖರ್ಚು ನಿಮ್ಮ ಮೇಲೆ ಬರುತ್ತದೆ ಎಂದು ತಿಳಿದಿರಿ. ಮರಳಿ ಬಂದಾಗ ಅದು ಇಲ್ಲಿಂದಲೇ ಹೋದದ್ದೆಂದು ತೋರಿಸಲು ಬುಕಿಂಗ್ ರಸೀದಿ, ಘೋಷಣೆಯ ಪ್ರತಿ, ಬಿಲ್ ಮೂರೂ ಬೇಕಾಗುತ್ತವೆ.

ಊರಿಗೆ ಬಂದು ಹೋಗುವವರ ಸೂಟ್‌ಕೇಸಿನಲ್ಲಿ ಕಳುಹಿಸುವುದು ನಮ್ಮ ಹಳೆಯ ರೂಢಿ. ಹೊಸ ಪಿಸ್ಟನ್, ಕೇಬಲ್, ಲಿವರ್‌ಗಳಿಗೆ ಅದು ಒಳ್ಳೆಯ ದಾರಿಯೇ, ಬಿಲ್ ಜೊತೆಗಿದ್ದರೆ ಸರಿ. ಬಳಸಿದ ಕಾರ್ಬರೇಟರ್ ಮತ್ತು ಬ್ರೇಕ್ ಶೂಗಳಿಗೆ ಮಾತ್ರ ಮೇಲಿನ ನಿಯಮಗಳೆಲ್ಲ ಸೂಟ್‌ಕೇಸಿನಲ್ಲಿಯೂ ಅನ್ವಯಿಸುತ್ತವೆ. ಒಳಗೇನಿದೆ ಎಂದು ತಿಳಿಸದೆ ವಯಸ್ಸಾದ ಅತ್ತೆ ಮಾವಂದಿರ ಕೈಯಲ್ಲಿ ಇಂಥ ವಸ್ತು ಕಳುಹಿಸಿ ಅವರನ್ನು ಪರದೇಶದ ವಿಮಾನ ನಿಲ್ದಾಣದಲ್ಲಿ ಉತ್ತರಿಸುವಂತೆ ಮಾಡುವುದು ದೊಡ್ಡ ತಪ್ಪು.

ಪೆಟ್ಟಿಗೆ ತಲುಪಿದ ದಿನ ಪಡೆಯುವವರು ತಲುಪಿಸಿದವರ ಎದುರಿನಲ್ಲಿಯೇ ಹೊರಗಿನ ಆರು ಬದಿಗಳ ಚಿತ್ರ ತೆಗೆದು, ಹಾನಿ ಕಂಡರೆ ಅದನ್ನು ಸ್ವೀಕೃತಿಯಲ್ಲಿ ಬರೆಸಬೇಕು. ನಂತರ ತೆರೆಯುವುದನ್ನು ತುಂಡಾಗದ ಒಂದೇ ವಿಡಿಯೋದಲ್ಲಿ ಚಿತ್ರಿಸಿ, ಪಟ್ಟಿಯಲ್ಲಿರುವ ಪ್ರತಿಯೊಂದನ್ನೂ ಹೋಲಿಸಿ, ಕೊರತೆಯಿದ್ದರೆ ಅಂದೇ ನಿಮಗೆ ತಿಳಿಸಬೇಕು. ರಟ್ಟು ಮತ್ತು ಫೋಮ್‌ಗಳನ್ನು ತಕ್ಷಣ ಕಸಕ್ಕೆ ಹಾಕದಂತೆ ಅವರಿಗೆ ಹೇಳಿ. ಹಾನಿಯ ಪರಿಹಾರ ಕೊಡುವ ಮೊದಲು ಪ್ಯಾಕಿಂಗ್ ಹೇಗಿತ್ತೆಂದು ನೋಡಲು ಅದನ್ನೇ ಕೇಳುತ್ತಾರೆ.